ಚರ್ಚಿನಲ್ಲಿ ಸಂಗೀತ ನಾಟಕ: ಮಾತು ಕೊನೆಯ ಬೆಂಚಿಗೂ ಕೇಳಬೇಕು

ಎತ್ತರದ ಸೂರು, ಗಟ್ಟಿ ಗೋಡೆಗಳಿರುವ ಚರ್ಚಿನಲ್ಲಿ ಸಮೂಹಗಾನ ತುಂಬಿ ಬರುತ್ತದೆ. ಆದರೆ ಹಾಡಿಗೆ ಸೊಬಗು ಕೊಡುವ ಮಾರ್ದನಿಯೇ ನಾಟಕದ ಮಾತನ್ನು ಕಲಸಿಹಾಕುತ್ತದೆ. ಮೊದಲ ದಿನದಿಂದಲೇ ಇದನ್ನು ಗಮನದಲ್ಲಿಟ್ಟು ತಯಾರಿ ನಡೆಸಿ.

ಹೊಸ ತಂಡಕ್ಕೆ 45ರಿಂದ 60 ನಿಮಿಷದ ಕೃತಿ ಸಾಕು. ಹಾಡಿನ ಪುಸ್ತಕ ಕೊಂಡ ಮಾತ್ರಕ್ಕೆ ಪ್ರದರ್ಶನದ ಹಕ್ಕು ಸಿಗುವುದಿಲ್ಲ. ಟಿಕೆಟ್ ಇಡದಿದ್ದರೂ ಹಕ್ಕುದಾರರಿಂದ ಲಿಖಿತ ಅನುಮತಿ ಪಡೆಯಿರಿ. ನೇರಪ್ರಸಾರಕ್ಕೆ ಬೇರೆಯಾಗಿಯೇ ಕೇಳಬೇಕು.

ಪಾತ್ರ ಹಂಚುವ ದಿನವೇ ಯಾರು ಯಾವ ದಿನ ಬರಲಾಗದು ಎಂದು ಬರೆಸಿಕೊಳ್ಳಿ. ಮುಖ್ಯ ಪಾತ್ರಗಳನ್ನು ಇಬ್ಬಿಬ್ಬರು ಕಲಿಯಲಿ. ಮಕ್ಕಳಿರುವ ತಾಲೀಮಿನಲ್ಲಿ ಯಾವಾಗಲೂ ಇಬ್ಬರು ಹಿರಿಯರು ಜೊತೆಗಿರಬೇಕು.

ಒಟ್ಟು 12 ವಾರ ಇಟ್ಟುಕೊಳ್ಳಿ. ಮೊದಲ 5 ವಾರ ಹಾಡು ಮಾತ್ರ. ಹಾಡು ಬಾಯಿಗೆ ಬರುವ ಮುನ್ನ ನಡೆ ಕಲಿಸಿದರೆ ಎಲ್ಲರ ಕಣ್ಣೂ ಹಾಳೆಯ ಮೇಲಿರುತ್ತದೆ, ತಲೆ ತಗ್ಗಿ ದನಿ ನೆಲಕ್ಕೆ ಬೀಳುತ್ತದೆ. ಮೇಲಿನ ಸ್ವರಕ್ಕೆ ಗಂಟಲು ಬಿಗಿಯುತ್ತಿದ್ದರೆ ಶ್ರುತಿಯನ್ನು ಅರ್ಧ ಅಥವಾ ಒಂದು ಮನೆ (ಕೀಬೋರ್ಡಿನಲ್ಲಿ ಕಪ್ಪು ಕೀಲಿಯನ್ನೂ ಸೇರಿಸಿ ಒಂದು ಅಥವಾ ಎರಡು ಕೀಲಿ) ಇಳಿಸಿ. ಇದು ಮೊದಲೆರಡು ವಾರದಲ್ಲೇ ತೀರ್ಮಾನವಾಗಲಿ. ಒಳ್ಳೆಯ ಕೀಬೋರ್ಡ್ ವಾದಕರಿದ್ದರೆ ಮೊದಲೇ ಧ್ವನಿಮುದ್ರಿಸಿದ ಹಿನ್ನೆಲೆ ಸಂಗೀತದ ಟ್ರ್ಯಾಕ್ ಬೇಡವೇ ಬೇಡ. ಒಬ್ಬರು ಸಾಲು ಮರೆತರೆ ವಾದಕರು ಕಾಯುತ್ತಾರೆ, ಟ್ರ್ಯಾಕ್ ಕಾಯುವುದಿಲ್ಲ.

ಮುಂದಿನ 4 ವಾರ ನಡೆ, ನಿಲುವು. ಯಾರು ಎಲ್ಲಿ ನಿಲ್ಲಬೇಕೆಂದು ನೆಲಕ್ಕೆ ಟೇಪ್ ಅಂಟಿಸಿ. ಭಾನುವಾರದ ಆರಾಧನೆಗೆ ಜಾಗ ತೆರವಾಗಲೇಬೇಕು. ಆದ್ದರಿಂದ ರಂಗಸಜ್ಜಿಕೆ ಇಬ್ಬರು ಎತ್ತಬಲ್ಲ ತುಂಡುಗಳಲ್ಲಿರಲಿ. ಕಟ್ಟುವ ಮೊದಲೇ ಬಾಗಿಲ ಅಗಲ ಅಳೆಯಿರಿ.

ಗಾಯಕವೃಂದವನ್ನು ಹಿಂದಿನ ಮಹಡಿಯಲ್ಲಿ ನಿಲ್ಲಿಸುವ ಆಸೆ ಹಲವರಿಗೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. 17 ಮೀಟರ್ ದೂರದವರಿಗೆ ವಾದ್ಯ ಕೇಳುವಾಗ ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ಕಳೆದಿರುತ್ತದೆ. ಅವರ ಹಾಡು ಮುಂದಕ್ಕೆ ಬರಲು ಮತ್ತಷ್ಟೇ ಹೊತ್ತು. ಚುರುಕು ಲಯದ ಹಾಡು ಅಲ್ಲೇ ಹರಿದುಹೋಗುತ್ತದೆ. ವೃಂದ ವಾದ್ಯದ ಹತ್ತಿರವೇ ನಿಲ್ಲಲಿ. ಸಾಧ್ಯವಿಲ್ಲವೆಂದರೆ ಕಿವಿಯನ್ನು ನಂಬದೆ ನಿರ್ದೇಶಕರ ಕೈ ನೋಡಿ ಹಾಡಲಿ.

ಹತ್ತು, ಹನ್ನೊಂದನೇ ವಾರ ಎಲ್ಲೂ ನಿಲ್ಲಿಸದೆ ಇಡೀ ನಾಟಕ ಆಡಿಸಿ. ಕೊನೆಯ ವಾರದ ಒಂದು ಸಂಜೆ ಮೈಕ್ ಮತ್ತು ಬೆಳಕಿಗೇ ಮೀಸಲು, ಇನ್ನೊಂದು ವೇಷಭೂಷಣದೊಂದಿಗೆ. ಸ್ಪೀಕರ್‌ಗಳು ನಟರಿಗಿಂತ ಮುಂದೆ, ಜನರತ್ತ ಮುಖ ಮಾಡಿರಲಿ. ನಟರ ಹಿಂದಿದ್ದರೆ ಮೈಕ್ ಕೂಗುತ್ತದೆ. ಮಾತು ಕಲಸಿದಂತೆ ಕೇಳಿದರೆ ದನಿ ಏರಿಸಬೇಡಿ, ಮಾರ್ದನಿಯೂ ಜೊತೆಗೇ ಏರುತ್ತದೆ. ಮೈಕನ್ನು ಬಾಯಿಗೆ ಹತ್ತಿರ ತನ್ನಿ, ವಾಕ್ಯಗಳ ನಡುವೆ ಬಿಡುವು ಕೊಡಿಸಿ.

ಪ್ರತಿ ಪ್ರದರ್ಶನಕ್ಕೂ ಮೈಕಿಗೆ ಹೊಸ ಬ್ಯಾಟರಿ ಹಾಕಿ. ಜನ ತುಂಬಿದಾಗ ಮೈ, ಬಟ್ಟೆಗಳು ಶಬ್ದವನ್ನು ಹೀರಿಕೊಳ್ಳುವುದರಿಂದ ಖಾಲಿ ಚರ್ಚಿನಲ್ಲಿ ಹೊಂದಿಸಿದ ಮಟ್ಟ ಅಂದು ಸರಿಹೋಗದು. ಮೊದಲ ದೃಶ್ಯದ ಹೊತ್ತಿಗೆ ಒಬ್ಬರನ್ನು ಕೊನೆಯ ಬೆಂಚಿನಲ್ಲಿ ಕೂರಿಸಿ. ಮಾತು ಕೇಳಿಸದಿದ್ದರೆ ಅವರು ಕೈಯೆತ್ತಿ ಧ್ವನಿ ನೋಡಿಕೊಳ್ಳುವವರಿಗೆ ಸನ್ನೆ ಮಾಡಲಿ.