ದೀಪಾವಳಿಗೆ ನೆಟ್ಟ ಗೆಡ್ಡೆ, ಯುಗಾದಿಗೆ ಅರಳಿದ ಅಂಗಳ

ಮೈಸೂರಿನ ಕುವೆಂಪುನಗರದಲ್ಲಿರುವ ನಮ್ಮ ಮನೆ ಮೂವತ್ತು-ನಲವತ್ತರ ನಿವೇಶನದ್ದು. ಗೇಟಿಗೂ ಬಾಗಿಲಿಗೂ ನಡುವೆ ಎಂಟು ಅಡಿ ಅಗಲದ ಜಾಗವಿದೆ, ಅದರ ಮಧ್ಯಭಾಗ ರಂಗೋಲಿಗೆ ಮೀಸಲು. ಯುಗಾದಿಯ ಹೊತ್ತಿಗೆ ಊರಿನ ರಸ್ತೆಬದಿಯ ಮರಗಳೆಲ್ಲ ಚಿಗುರಿ ಹೂವಾಗಿರುತ್ತವೆ. ನಮ್ಮ ಬಾಗಿಲಿಗೆ ಮಾತ್ರ ಮಾವಿನ ತೋರಣ ಕಟ್ಟಿದರೂ ಅದರ ಎರಡು ಪಕ್ಕದಲ್ಲಿ ಬಿರುಕುಬಿಟ್ಟ ಕೆಮ್ಮಣ್ಣು, ದೂಳು ಹಿಡಿದ ಎರಡು ಕ್ರೋಟನ್ ಕುಂಡ. ನಿವೃತ್ತಿಯ ನಂತರ ಇದನ್ನು ಸರಿಪಡಿಸಬೇಕೆಂದು ಹೊರಟವನು ನಾನು ಮೊದಲು ಮಾಡಿದ್ದು ದೊಡ್ಡ ತಪ್ಪನ್ನೇ.

ಶ್ರೀನಗರದ ಟ್ಯುಲಿಪ್ ತೋಟದ ಚಿತ್ರಗಳನ್ನು ನೋಡಿ ಮರುಳಾಗಿ, ಅಕ್ಟೋಬರಿನಲ್ಲಿ ಇಪ್ಪತ್ತು ಟ್ಯುಲಿಪ್ ಗೆಡ್ಡೆಗಳನ್ನು ತರಿಸಿಕೊಂಡೆ. ಟ್ಯುಲಿಪ್ ಗೆಡ್ಡೆಯೊಳಗಿನ ಮೊಗ್ಗು ಎದ್ದು ಬೆಳೆಯಬೇಕಾದರೆ ಸುಮಾರು 12ರಿಂದ 16 ವಾರ 9 ಡಿಗ್ರಿಗಿಂತ ಕಡಿಮೆ ಉಷ್ಣಾಂಶ ಸಿಗಬೇಕು. ಮೈಸೂರಿನ ಡಿಸೆಂಬರ್ ರಾತ್ರಿಗಳಲ್ಲಿ ಅಂಥ ಚಳಿ ಎಲ್ಲಿಯದು? ಆದ್ದರಿಂದ ಅವನ್ನು ಕಾಗದದ ಚೀಲದಲ್ಲಿ ಸುತ್ತಿ ಫ್ರಿಜ್ಜಿನ ತರಕಾರಿ ಡಬ್ಬಿಯಲ್ಲಿ ಹನ್ನೆರಡು ವಾರ ಇಟ್ಟೆ. ಅದೇ ಡಬ್ಬಿಯಲ್ಲಿ ಮನೆಯವರು ಸೇಬನ್ನೂ ಇಡುತ್ತಿದ್ದರು. ಮಾಗುವ ಸೇಬಿನಿಂದ ಹೊರಬರುವ ಎಥಿಲೀನ್ ಅನಿಲವು ಗೆಡ್ಡೆಯೊಳಗಿನ ಎಳೆಯ ಮೊಗ್ಗನ್ನು ಕೊಲ್ಲುತ್ತದೆಂದು ನಾನು ತಿಳಿದದ್ದು ಎಲ್ಲ ಮುಗಿದ ಮೇಲೆ. ಜನವರಿಯಲ್ಲಿ ನೆಟ್ಟ ಇಪ್ಪತ್ತರಲ್ಲಿ ಎಲೆ ಬಂದದ್ದು ಹದಿನಾಲ್ಕಕ್ಕೆ, ಹೂ ಬಿಟ್ಟದ್ದು ಮೂರೇ ಮೂರು; ಅವೂ ಗೇಣುದ್ದದ ಕಾಂಡದ ಮೇಲೆ ನಾಲ್ಕು ದಿನ ನಿಂತು ಬಿಸಿಲಿಗೆ ಬಾಡಿದವು. ಮರುವರ್ಷ ಒಂದೂ ಏಳಲಿಲ್ಲ.

ಇದೆಲ್ಲ ನಡೆಯುವಾಗ ಮನೆಯ ಹಿಂದಿನ ಕುಂಡದಲ್ಲಿ ಕೆಂಪು ಲಿಲ್ಲಿ, ಅಂದರೆ ಅಮರಿಲ್ಲಿಸ್, ವರ್ಷಗಳಿಂದ ಸುಮ್ಮನೆ ಎಲೆ ಬಿಡುತ್ತಾ ಇತ್ತು. ನಾನು ಅದಕ್ಕೆ ದಿನವೂ ತಪ್ಪದೆ ನೀರು ಹಾಕುತ್ತಿದ್ದೆ. ಪಕ್ಕದ ಮನೆಗೆ ಬರುವ ವಯಸ್ಸಾದ ಮಾಲಿ ಒಮ್ಮೆ ಅದನ್ನು ನೋಡಿ, "ಇದಕ್ಕೆ ನೀರು ಜಾಸ್ತಿ ಆಗೈತೆ ಸ್ವಾಮಿ, ಮಲಗೋಕೇ ಬಿಡ್ತಿಲ್ಲ ನೀವು" ಎಂದರು. ನನ್ನ ಕೆಲಸದ ದಾರಿ ಬದಲಾದದ್ದು ಆ ಮಾತಿನಿಂದ. ಟ್ಯುಲಿಪ್ ಹಿಮದ ನಾಡಿನ ಗೆಡ್ಡೆಯಾದ್ದರಿಂದ ಚಳಿಯಲ್ಲಿ ವಿಶ್ರಮಿಸುತ್ತದೆ. ಅಮರಿಲ್ಲಿಸ್ ದಕ್ಷಿಣ ಅಮೆರಿಕದ್ದು, ನಾವು ಮೇ ಫ್ಲವರ್ ಎಂದು ಕರೆಯುವ ಚೆಂಡಿನಂಥ ಕೆಂಪು ಹೂವಿನ ಲಿಲ್ಲಿ ಆಫ್ರಿಕಾದ್ದು. ಇವು ಮಳೆಗಾಲ ಮತ್ತು ಒಣಗಾಲದ ಸರದಿಗೆ ಒಗ್ಗಿದ ಗಿಡಗಳು. ಟ್ಯುಲಿಪ್‌ಗೆ ಚಳಿ ಮಾಡುವ ಕೆಲಸವನ್ನು ಇವಕ್ಕೆ ಒಣಮಣ್ಣು ಮಾಡುತ್ತದೆ, ಮತ್ತು ಅದನ್ನು ಒದಗಿಸಲು ನಮ್ಮ ಊರಿನಲ್ಲಿ ಫ್ರಿಜ್ಜು ಬೇಕಿಲ್ಲ, ನೀರಿನ ಪೈಪನ್ನು ಸುತ್ತಿಟ್ಟರೆ ಸಾಕು.

ಮರುವರ್ಷ ದಸರಾ ಸಮಯದಲ್ಲಿ ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನ ನೋಡಿಬಂದವನೇ ಪಾತಿ ಕಟ್ಟಲು ಕುಳಿತೆ. ಗೆಡ್ಡೆಗೆ ನಿಂತ ನೀರೇ ಶತ್ರು. ನಮ್ಮಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಮಳೆ ಜೋರಾಗಿ ಬಿದ್ದು ಕಾಂಪೌಂಡಿನ ಬುಡದಲ್ಲೇ ಮಡುಗಟ್ಟುತ್ತದೆ. ಆದ್ದರಿಂದ ಇಟ್ಟಿಗೆಯನ್ನು ಓರೆಯಾಗಿ ಜೋಡಿಸಿ ಪಾತಿಯನ್ನು ನೆಲಮಟ್ಟದಿಂದ ಒಂದು ಗೇಣು ಎತ್ತರಿಸಿ, ಎರಡು ಪಾಲು ಕೆಮ್ಮಣ್ಣಿಗೆ ಒಂದು ಪಾಲು ಹಳೆಯ ಕೊಟ್ಟಿಗೆ ಗೊಬ್ಬರ, ಒಂದು ಪಾಲು ದಪ್ಪ ಮರಳು ಬೆರೆಸಿದೆ. ಮೇಲೆ ಎರಡು ಹಿಡಿ ಬೇವಿನ ಹಿಂಡಿ. ಹಸಿ ಗೊಬ್ಬರ ಹಾಕಿದರೆ ಗೆಡ್ಡೆ ಕೊಳೆಯುತ್ತದೆ. ಮನೆ ಪೂರ್ವಕ್ಕೆ ಮುಖ ಮಾಡಿರುವುದರಿಂದ ಬೆಳಗಿನ ಬಿಸಿಲು ಸಿಗುತ್ತದೆ, ಮಧ್ಯಾಹ್ನದ ಬಿಸಿಲನ್ನು ಗೋಡೆಯೇ ತಡೆಯುತ್ತದೆ. ಲಿಲ್ಲಿಗಳಿಗೆ ಇದು ಹೇಳಿ ಮಾಡಿಸಿದಂತಿತ್ತು.

ನೆಡುವಾಗ ಆಳದ ವಿಷಯದಲ್ಲಿ ಅನೇಕರು ಎಡವುತ್ತಾರೆ. ಅಮರಿಲ್ಲಿಸ್ ಗೆಡ್ಡೆಯ ಕತ್ತು ಮತ್ತು ಮೇಲಿನ ಮೂರನೇ ಒಂದು ಭಾಗ ಮಣ್ಣಿನಿಂದ ಹೊರಗಿರಬೇಕು, ಮೇ ಫ್ಲವರಿನ ತುದಿ ಮಣ್ಣಿನ ಮಟ್ಟಕ್ಕೆ ಬಂದರೆ ಸಾಕು, ಕಡಲೆ ಗಾತ್ರದಿಂದ ನೆಲ್ಲಿಕಾಯಿ ಗಾತ್ರದವರೆಗಿನ ಮಳೆ ಲಿಲ್ಲಿಯನ್ನು ಮಾತ್ರ ಎರಡು ಬೆರಳು ಆಳಕ್ಕೆ ಹೂಳಬೇಕು. ಸಾಲಾಗಿ ನೆಟ್ಟರೆ ತರಗತಿಯಲ್ಲಿ ನಿಂತ ಮಕ್ಕಳಂತೆ ಕಾಣುತ್ತದೆ; ಗೇಟಿನಿಂದ ನೋಡುವವರ ಕಣ್ಣಿಗೆ ತುಂಬಬೇಕಾದರೆ ಗುಂಪು ಬೇಕು. ನಾನು ಗೇಟಿನ ಎರಡು ಬದಿಗೂ ಏಳೇಳು ಅಮರಿಲ್ಲಿಸ್ ಗೆಡ್ಡೆಗಳನ್ನು ಒಂದೊಂದು ಗೇಣು ಅಂತರದಲ್ಲಿ ಒತ್ತಾಗಿ ನೆಟ್ಟು, ಅವುಗಳ ಹಿಂದೆ ಮೇ ಫ್ಲವರ್, ಮುಂದೆ ರಂಗೋಲಿಯ ಅಂಚಿಗೆ ಬಿಳಿ ಮತ್ತು ಗುಲಾಬಿ ಮಳೆ ಲಿಲ್ಲಿ ಹಾಕಿದೆ. ಗ್ಲಾಡಿಯೋಲಸ್ ಕೈಬಿಟ್ಟೆ, ಅದು ಯುಗಾದಿಗೆ ಮೊದಲೇ ಹೂ ಮುಗಿಸಿ ಊರುಗೋಲು ಕೇಳುವ ಗಿಡ.

ಸುಗಂಧರಾಜವನ್ನೂ ಅದೇ ಪಾತಿಗೆ ಸೇರಿಸಿದ್ದು ಎರಡನೆಯ ತಪ್ಪು. ಅದಕ್ಕೆ ಬೆಳೆಯುವಾಗ ನಿಯಮಿತವಾಗಿ ನೀರು ಬೇಕು. ಅದಕ್ಕೆ ಹಾಕಿದ ನೀರು ಮಲಗಬೇಕಾದ ಲಿಲ್ಲಿಗೂ ಹೋಯಿತು, ಮೂರು ಗೆಡ್ಡೆ ಕೊಳೆತವು. ಈಗ ಸುಗಂಧರಾಜಕ್ಕೆ ಮಲಗುವ ಕೋಣೆಯ ಕಿಟಕಿಯ ಕೆಳಗೆ ಬೇರೆ ಜಾಗ, ಏಕೆಂದರೆ ಅದರ ಪರಿಮಳ ರಾತ್ರಿಯಲ್ಲೇ ಹೆಚ್ಚು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಪ್ರಜ್ವಲ್ ತಳಿಯನ್ನು ಹಾಕಿದ್ದೇನೆ. ಮೊಗ್ಗಿನಲ್ಲಿ ಸ್ವಲ್ಪ ಗುಲಾಬಿ ಛಾಯೆ, ಅರಳಿದಾಗ ಬಿಳುಪು. ನಮ್ಮ ತಾಯಿಯವರು ಅದನ್ನು ದೇವರಿಗೆಂದು ಕೊಯ್ದುಬಿಡುವುದರಿಂದ ಹೊರಗಿನವರ ಕಣ್ಣಿಗೆ ಬೀಳುವುದು ಅಪರೂಪ.

ದೀಪಾವಳಿಯ ವಾರದಲ್ಲಿ ನೆಟ್ಟ ಲಿಲ್ಲಿಗಳಿಗೆ ಒಮ್ಮೆ ನೀರು ಕೊಟ್ಟು ಅಲ್ಲಿಗೆ ನಿಲ್ಲಿಸಿದೆ. ಹಾಗೆ ನಿಲ್ಲಿಸುವುದು ಹೇಳಿದಷ್ಟು ಸುಲಭವಲ್ಲ. ನವೆಂಬರಿನಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದ ಜಿಟಿಜಿಟಿ ಮಳೆ ಬಂದರೆ ಪಾತಿಯ ಮೇಲೆ ಹಳೆಯ ಟಾರ್ಪಾಲು ಎಳೆಯಬೇಕಾಯಿತು. ಬರಿ ಮಣ್ಣನ್ನು ನೋಡಲಾರದೆ ಮನೆಯವರು ಚೊಂಬು ನೀರು ಸುರಿಯದಂತೆ ಕಾಯಬೇಕಾಯಿತು. ರಥಸಪ್ತಮಿಯಂದು ಮೊದಲ ಬಾರಿ ಚೆನ್ನಾಗಿ ನೀರುಣಿಸಿ, ಆಮೇಲೆ ವಾರಕ್ಕೆರಡು ಸಲದಂತೆ ಮುಂದುವರಿಸಿದೆ. ಅಲ್ಲಿಂದ ಯುಗಾದಿಗೆ ಏಳು ವಾರಕ್ಕಿಂತ ಸ್ವಲ್ಪ ಹೆಚ್ಚು ಇರುತ್ತದೆ, ಗೆಡ್ಡೆಗೂ ಹೆಚ್ಚುಕಡಿಮೆ ಅಷ್ಟೇ ಕಾಲ ಬೇಕು. ಶಿವರಾತ್ರಿ ಕಳೆದ ಮೇಲೆ ಎಲೆಗಿಂತ ಮೊದಲೇ ಹೂದಂಟು ಕತ್ತು ಚಾಚಿತು, ಹಬ್ಬದ ಬೆಳಿಗ್ಗೆ ಹದಿನಾಲ್ಕರಲ್ಲಿ ಒಂಬತ್ತು ಗೆಡ್ಡೆಗಳು ಅರಳಿದ್ದವು. ಮೇ ಫ್ಲವರ್ ಬೇಸಿಗೆ ಮಳೆಯ ನಂತರ ಬಂತು. ಮಳೆ ಲಿಲ್ಲಿ ಪ್ರತಿ ಜೋರು ಮಳೆಯಾದ ಮೂರು ನಾಲ್ಕು ದಿನಕ್ಕೆ ಒಟ್ಟಿಗೇ ಅರಳಿತು.

ಹೂ ಮುದುಡಿದ ಮೇಲೆ ದಂಟನ್ನು ಮಾತ್ರ ಕತ್ತರಿಸಿ, ಎಲೆಗೆ ಕೈ ಹಚ್ಚಬಾರದು. ಮುಂದಿನ ವರ್ಷದ ಹೂವಿಗೆ ಬೇಕಾದ ಆಹಾರವನ್ನು ಗೆಡ್ಡೆಗೆ ತುಂಬುವುದು ಆ ಎಲೆಗಳೇ. ಮಳೆಗಾಲದಲ್ಲಿ ಕಪ್ಪು ಮೈಮೇಲೆ ಬಿಳಿ ಚುಕ್ಕೆಗಳ ಲಿಲ್ಲಿ ಹುಳು ಬಂದು ಒಂದೇ ವಾರದಲ್ಲಿ ಎಲೆಯನ್ನು ಬುಡದವರೆಗೆ ಮೇಯುತ್ತದೆ. ಸಂಜೆ ಟಾರ್ಚು ಹಿಡಿದು ಕೈಯಿಂದಲೇ ಆರಿಸಿ ಸೋಪು ನೀರಿಗೆ ಹಾಕುತ್ತೇನೆ, ಔಷಧಿ ಹೊಡೆಯುವ ಅಗತ್ಯ ಬಿದ್ದಿಲ್ಲ. ಅಗೆದು ತೆಗೆದ ಗೆಡ್ಡೆಗಳನ್ನು ಅಡುಗೆಮನೆಯ ಹತ್ತಿರ ಇಡಲೇಬಾರದು. ಅಮರಿಲ್ಲಿಸ್ ನೋಡಲು ಈರುಳ್ಳಿಯಂತಿದ್ದರೂ ವಿಷ. ನಮ್ಮಲ್ಲಿ ಒಂದು ಗೆಡ್ಡೆ ಈರುಳ್ಳಿ ಬುಟ್ಟಿಯವರೆಗೂ ಹೋಗಿ ಸಮಯಕ್ಕೆ ಸರಿಯಾಗಿ ಸಿಕ್ಕಿಬಿದ್ದಿದೆ.

ಈಗ ಮೂರನೆಯ ವರ್ಷ. ಮೊದಲ ಹದಿನಾಲ್ಕು ಗೆಡ್ಡೆಗಳು ಮರಿ ಹಾಕಿವೆ. ಈ ದೀಪಾವಳಿಗೆ ಬಿಡಿಸಿ, ಕೈಮುಷ್ಟಿಗಿಂತ ದಪ್ಪನೆಯವನ್ನು ಕಾಂಪೌಂಡಿನ ಹೊರಗೆ ಚರಂಡಿಗೂ ಗೋಡೆಗೂ ನಡುವಿನ ಪಟ್ಟಿಯಲ್ಲಿ ನೆಡುವುದಿದೆ. ಅಲ್ಲಿ ಹೆಗ್ಗಣದ ಕಾಟವಿರುವುದರಿಂದ ಪಾತಿಯ ತಳಕ್ಕೆ ಹಾಸಲು ಕೋಳಿಬಲೆ ತಂದಿಟ್ಟಿದ್ದೇನೆ.