ಹಿಮ್ಮಡಿ ಕೆಳಗೆ ಶೇಂಗಾ

ನಮ್ಮ ಕಾಲೇಜಿನ ಹುಡುಗಿಯರ ಖೊಖೊ ತಂಡ ವಿಭಾಗದ ಫೈನಲ್ ಗೆದ್ದ ಮೇಲೆ ಫೋನ್ ಮಾಡಿದವರು ಕಡಿಮೆ ಅಂದ್ರೂ ಇಪ್ಪತ್ತು ಜನ. ಎಲ್ಲರದ್ದೂ ಒಂದೇ ಪ್ರಶ್ನೆ, ಏನು ಮಾಡಿದ್ರಿ ಸರ್? ಹೇಳಿ ಹೇಳಿ ಗಂಟಲು ಒಣಗಿತು, ಅದಕ್ಕೇ ಬರೆದಿಡುತ್ತಿದ್ದೇನೆ. ಇವರಲ್ಲೇ ಅರ್ಧ ಮಂದಿ 2024ರ ಜುಲೈನಲ್ಲಿ ನಮ್ಮ ಮೈದಾನದ ಕಟ್ಟೆ ಮೇಲೆ ಚಹಾ ಕುಡಿಯುತ್ತ "ಬಸೂನ್ ಬಸೂನ್ ಕಾಯ್ ಹೋಣಾರ್?" ಅಂತ ನಕ್ಕವರು. ಕೂತು ಕೂತು ಏನಾಗತ್ತೆ ಅಂತ. ಅವರದ್ದೂ ತಪ್ಪಿಲ್ಲ ಬಿಡಿ. ಖೊಖೊ ತಂಡದ ಪ್ರಾಕ್ಟೀಸ್ ನೋಡಲು ಬಂದರೆ ಎಂಟು ಹುಡುಗಿಯರು ಸಾಲಾಗಿ ಕೂತಿದ್ದಾರೆ, ಯಾರೂ ಓಡ್ತಾ ಇಲ್ಲ. ನಗು ಬರದೆ ಇನ್ನೇನು?

ನಾನು ಹಾವೇರಿ ಕಡೆಯವನು. ಪುಣೆಗೆ ಬಂದು ಹದಿನಾರು ವರ್ಷವಾಯಿತು, ಒಂದು ಸಣ್ಣ ಕಾಲೇಜಿನಲ್ಲಿ ಕ್ರೀಡಾ ವಿಭಾಗ ನೋಡಿಕೊಳ್ಳುತ್ತೇನೆ. ಪುಣೆಯವರಿಗೆ ಖೊಖೊ ಅಂದರೆ ಮನೆ ಆಟ. 1914ರಲ್ಲಿ ಇದಕ್ಕೆ ನಿಯಮ ಮಾಡಲು ಕೂತವರು ಇಲ್ಲಿನ ಡೆಕ್ಕನ್ ಜಿಮ್ಖಾನಾದವರು, ಆ ಹೆಮ್ಮೆ ಇಲ್ಲಿನ ಪೇಠೆಗಳಲ್ಲಿ ಇವತ್ತಿಗೂ ಇಳಿದಿಲ್ಲ. ಸಂಘಗಳಲ್ಲಿ, ಅಂದರೆ ಇಲ್ಲಿನ ಖೊಖೊ ಕ್ಲಬ್ಬುಗಳಲ್ಲಿ, ಏಳೆಂಟು ವಯಸ್ಸಿನಿಂದ ಆಡಿದ ಹುಡುಗಿಯರು ಹನ್ನೆರಡನೇ ಕ್ಲಾಸ್ ಮುಗಿಸಿ ಮೂರ್ನಾಲ್ಕು ಕಾಲೇಜಿಗೇ ಹೋಗ್ತಾರೆ. ನಮ್ಮಲ್ಲಿಗೆ ಬರುವವರು ಬೇರೆ. ಹೋದ ವರ್ಷದ ಹನ್ನೆರಡು ಜನರಲ್ಲಿ ಐವರು ಕನ್ನಡದವರು. ಮೂವರ ಅಪ್ಪಂದಿರು ಯಾದಗಿರಿ, ಕಲಬುರಗಿ ಕಡೆಯಿಂದ ಬಂದು ಇಲ್ಲಿ ಗೌಂಡಿ ಕೆಲಸ ಮಾಡೋರು. ಒಬ್ಬಳ ಅಪ್ಪ ಉಡುಪಿ ಹೋಟೆಲಲ್ಲಿ ಸಪ್ಲೈಯರ್. ಇನ್ನೊಬ್ಬಳು ಬೆಳಗಾವಿಯವಳು. ಉಳಿದವರು ಜುನ್ನರ್, ಪುರಂದರ ಕಡೆಯ ಮರಾಠಿ ಹುಡುಗಿಯರು. ಸಂಘದ ಆಟ ಆಡಿದವಳು ಒಬ್ಬಳೂ ಇಲ್ಲ.

ಅದರ ಹಿಂದಿನ ವರ್ಷ ಏನಾಯ್ತು ಅನ್ನೋದನ್ನ ಮೊದಲು ಹೇಳಬೇಕು. ನಮ್ಮ ವಿಭಾಗದ ಕಾಲೇಜುಗಳ ಪಂದ್ಯಾವಳಿಯಲ್ಲಿ, ಎರಡನೇ ಪಂದ್ಯದಲ್ಲೇ ದೊಡ್ಡ ಕಾಲೇಜೊಂದು ನಮ್ಮನ್ನು ಒಂದು ಡಾವ್ ಇಟ್ಟು ಹೊಡೆಯಿತು. ಅಂದ್ರೆ ಇನಿಂಗ್ಸ್ ಸೋಲು. ನಮ್ಮ ಮೊದಲ ಬ್ಯಾಚಿನ ಮೂವರು ಓಟಗಾರ್ತಿಯರೂ ಸುಮಾರು 1 ನಿಮಿಷ 10 ಸೆಕೆಂಡಿಗೆ ಔಟ್. ಅಟ್ಟುವುದಕ್ಕೆ ನಮಗೆ ಸಿಕ್ಕ ಪೂರ್ತಿ 9 ನಿಮಿಷದಲ್ಲಿ ಹಿಡಿದಿದ್ದು ಮೂವರನ್ನೋ ನಾಲ್ವರನ್ನೋ. ಹಾಗಂತ ತಯಾರಿ ಕಡಿಮೆ ಮಾಡಿರಲಿಲ್ಲ. ಸಂಘವೊಂದರ ಕೋಚನ್ನು 20 ದಿನಕ್ಕೆ ಕರೆಸಿದ್ದೆ, 14 ಸಾವಿರ ಕೊಟ್ಟು. ಒಳ್ಳೆಯ ಮನುಷ್ಯ, ಆದರೆ ಬಂದವರೇ ಪೋಲ್ ಡೈವ್, ಅಂದರೆ ಕಂಬ ಹಿಡಿದು ಹಾರಿ ಮುಟ್ಟೋದು, ಅದನ್ನೇ ಹಿಡಿದುಕೊಂಡರು. ನಮ್ಮ ಹುಡುಗಿಯರಿಗೆ ಇನ್ನೂ ಎದ್ದು ನಿಲ್ಲಲು ಬರ್ತಿರಲಿಲ್ಲ, ಇವರು ಹಾರಿಸ್ತಿದ್ದರು. ಒಬ್ಬಳ ಗದ್ದಕ್ಕೆ ನಾಲ್ಕು ಹೊಲಿಗೆ, ಇನ್ನೊಬ್ಬಳ ಭುಜ ಉಳುಕಿ ಒಂದು ತಿಂಗಳು ಮನೆಯಲ್ಲಿ. ಆ ವರ್ಷದ ಒಟ್ಟು ಖರ್ಚು 48 ಸಾವಿರ ಚಿಲ್ಲರೆ. ಪ್ರಿನ್ಸಿಪಾಲ್ ಕರೆದು, ಮುಂದಿನ ವರ್ಷ ಚೆಸ್, ಕೇರಂ ನೋಡಿ ಸರ್, ಗಾಯ ಆಗಲ್ಲ ಅಂದರು.

ಸೋತ ಪಂದ್ಯದ ವಿಡಿಯೊ ಫೋನಲ್ಲಿತ್ತು. ಒಂದು ರಾತ್ರಿ ನಿದ್ದೆ ಬರದೆ ಅಡುಗೆಮನೆಯಲ್ಲಿ ಕೂತು ನೋಡಿದೆ. ಸುಮ್ನೆ ಎದುರಾಳಿಗಳು ಕೊಟ್ಟ ಖೋಗಳನ್ನ ಎಣಿಸಿದೆ. ಎರಡು ಸಲ ಎಣಿಸಿದಾಗ ಎರಡು ಲೆಕ್ಕ ಬಂತು, 160 ಮತ್ತು 170. ನಡುವಿನದು ಇಟ್ಟುಕೊಳ್ಳೋಣ, 165. ಅಷ್ಟು ಸಲ ಒಬ್ಬಳು ಕೂತಲ್ಲಿಂದ ಏಳ್ತಾಳೆ. ನಾವೆಲ್ಲ ತಿಂಗಳುಗಟ್ಟಲೆ ಏನು ಕಲಿಸ್ತೀವಿ? ರಿಂಗ್, ಸಿಂಗಲ್ ಚೈನ್, ಡಬಲ್ ಚೈನ್ ಅಂತ ಓಡಿ ತಪ್ಪಿಸಿಕೊಳ್ಳೋ ಪಟ್ಟುಗಳು, ಟ್ಯಾಪಿಂಗ್, ಡೈವ್ ಅಂತ ಮುಟ್ಟಿ ಔಟ್ ಮಾಡೋ ಪಟ್ಟುಗಳು. ಏಳೋದನ್ನ ಕಲಿಸ್ತೀವಾ? ಅದು ತಾನಾಗೇ ಬರುತ್ತೆ ಅಂದುಕೊಂಡಿರ್ತೀವಿ.

ಮಾರನೇ ದಿನ ಫೋನನ್ನು ಸ್ಲೋ ಮೋಷನ್‌ಗೆ ಹಾಕಿದೆ, ಸೆಕೆಂಡಿಗೆ 240 ಫ್ರೇಮ್. ಬೆನ್ನಿಗೆ ಕೈ ತಾಗಿದ ಫ್ರೇಮಿಂದ ಅವಳ ಕಾಲು ಕೂತ ಚೌಕವನ್ನು ಬಿಡುವ ಫ್ರೇಮಿನವರೆಗೆ ಎಣಿಸಿದೆ. ನಮ್ಮವರದ್ದು ಸುಮಾರು 140 ಫ್ರೇಮ್. ಆಮೇಲೆ ಸಂಘವೊಂದರ ಮೈದಾನಕ್ಕೆ ಹೋಗಿ, ನಮ್ಮ ಮಗಳಿಗೆ ಆಟ ತೋರಿಸ್ಬೇಕು ಅಂತ ಸುಳ್ಳು ಹೇಳಿ, ಅವರದ್ದೂ ತೆಗೆದೆ. 90. ಐವತ್ತು ಫ್ರೇಮಿನ ವ್ಯತ್ಯಾಸ ಅಂದರೆ ಸೆಕೆಂಡಿನ ಐದನೇ ಒಂದು ಭಾಗ. ಕಣ್ಣಿಗೆ ಕಾಣಲ್ಲ. ಆದರೆ 165ರಿಂದ ಗುಣಿಸಿ ನೋಡಿ. 34 ಸೆಕೆಂಡ್. ಅಷ್ಟರಲ್ಲಿ ಒಂದು ಔಟ್ ಬರುತ್ತೆ, ಎದುರಾಳಿ ಸುಸ್ತಾಗಿದ್ದರೆ ಎರಡು.

ಬುಲೆಟ್ ಟೋ, ಪ್ಯಾರಲಲ್ ಟೋ ಅಂತ ಚೌಕದಲ್ಲಿ ಪಾದ ಇಟ್ಟು ಕೂರುವ ರೀತಿಗಳ ಬಗ್ಗೆ ನಿಮಗೆ ನಾನೇನು ಹೇಳೋದಿಲ್ಲ, ಎಲ್ಲರಿಗೂ ಗೊತ್ತು. ನಮ್ಮ ಹುಡುಗಿಯರ ಪಾದ ಸರಿಯಾಗೇ ಇರ್ತಿತ್ತು. ಕೆಡ್ತಿದ್ದದ್ದು ಹಿಮ್ಮಡಿ. ಖೋ ಬರುವುದು ತಡವಾದರೆ ಮೆಲ್ಲಗೆ ಹಿಮ್ಮಡಿ ಊರಿ, ಅದರ ಮೇಲೆ ಪೂರ್ತಿ ಭಾರ ಬಿಟ್ಟು, ರೊಟ್ಟಿ ಬಡಿಯಲು ಕೂತ ಹಾಗೆ ಆರಾಮಾಗಿ ಕೂತುಬಿಡ್ತಿದ್ದರು. ಅಲ್ಲಿಂದ ಏಳಬೇಕಾದರೆ ಮೊದಲು ಮೈ ಮುಂದೆ ಬರಬೇಕು, ಆಮೇಲೆ ಸೊಂಟ, ಆಮೇಲೆ ಕಾಲು. ಆ ಐವತ್ತು ಫ್ರೇಮ್ ಹೋಗ್ತಿದ್ದದ್ದು ಅಲ್ಲೇ. "ಹಿಮ್ಮಡಿ ಎತ್ತು, ಹಿಮ್ಮಡಿ ಎತ್ತು" ಅಂತ ಕಿರುಚಿ ನನ್ನ ಗಂಟಲು ಹೋಯ್ತೇ ಹೊರತು ಹಿಮ್ಮಡಿ ಏಳಲಿಲ್ಲ.

ಆಗ ಶೇಂಗಾ ತಂದೆ. ಸಿಪ್ಪೆ ಸಮೇತ ಇರೋದು, ಹಸಿಯದಲ್ಲ, ಒಣಗಿದ್ದು. ಒಬ್ಬೊಬ್ಬಳ ಒಂದು ಹಿಮ್ಮಡಿ ಕೆಳಗೆ ಒಂದು ಕಾಯಿ ಇಟ್ಟೆ. ಹಿಮ್ಮಡಿ ಇಳಿಸಿದರೆ ಪಟ್ ಅಂತ ಸದ್ದು. ನಾನು ಬಾಯಿ ಬಿಡಬೇಕಾಗಿಯೇ ಇಲ್ಲ, ಸಾಲಿನಲ್ಲಿ ಯಾರು ಕೂತರು ಅಂತ ಎಲ್ಲರಿಗೂ ಗೊತ್ತಾಗುತ್ತೆ. ಸೆಟ್ ಮುಗಿದಾಗ ಯಾರ ಕಾಯಿ ಉಳಿದಿದೆಯೋ ಅವರು ಒಡೆದವರಿಂದ ಹತ್ತು ಕಾಯಿ ವಸೂಲಿ ಮಾಡಬೇಕು. ಮೊದಲ ದಿನ ಎಂಟರಲ್ಲಿ ಎಂಟೂ ಒಡೆದವು. ಮೂರನೇ ವಾರಕ್ಕೆ ಎರಡು ಮೂರು ಒಡೀತಿದ್ದವು. 40 ಸೆಕೆಂಡ್ ಕೂರು, ಖೋ, ಮೂರು ಹೆಜ್ಜೆ, ಮತ್ತೆ ಕೂರು. ದಿನಕ್ಕೆ 20 ನಿಮಿಷ, ಅದಕ್ಕಿಂತ ಜಾಸ್ತಿ ಬೇಡ. ನಾನು ಉತ್ಸಾಹದಲ್ಲಿ 35 ನಿಮಿಷ ಮಾಡಿಸಿ ಒಬ್ಬಳ ಮಂಡಿ ಕೆಡಿಸಿದ್ದೆ, ಅವಳು ಸರಿ ಹೋಗಲು ಆಗಸ್ಟ್ ಪೂರ್ತಿ ಹಿಡಿಯಿತು.

ಎರಡನೇ ವಾರ ಯಾದಗಿರಿ ಹುಡುಗಿಯ ಅವ್ವ ಕಾಲೇಜಿಗೇ ಬಂದರು. "ಏನ್ ಮಾಡೀರಿ ಸರ ನಮ್ಮ ಹುಡುಗೀಗೆ? ಮೆಟ್ಟಲಾ ಇಳಿಯಾಕ ಆಗವಲ್ದು ಅಕಿಗೆ." ಅವರಿದ್ದದ್ದು ಕಟ್ಟುತ್ತಿದ್ದ ಬಿಲ್ಡಿಂಗಿನ ನಾಲ್ಕನೇ ಮಹಡಿಯಲ್ಲಿ, ಲಿಫ್ಟ್ ಎಲ್ಲಿಂದ ಬರಬೇಕು? ತೊಡೆ ನೋವು, ಎಂಟು ದಿನಕ್ಕೆ ಹೋಗ್ತದವ್ವ ಅಂದೆ. "ಕುಂದ್ರಾಕ ಕಾಲೇಜಿಗೆ ಕಳಿಸಬೇಕೇನ್ರಿ?" ಅಂದು ಹೋದರು. ಆದರೆ ಹುಡುಗಿಯನ್ನು ಬಿಡಿಸಲಿಲ್ಲ, ಆ ಉಪಕಾರ ನಾನು ಮರೆಯಲ್ಲ.

ಮಳೆಗಾಲ ಅಂದರೆ ಪುಣೆಯಲ್ಲಿ ಮೈದಾನ ಕೆಸರಿನ ಗದ್ದೆ. ನಮಗೆ ಮಾತ್ರ ಅದರಿಂದ ಲಾಭವೇ ಆಯಿತು. ಓಡೋಕೆ ಜಾಗ ಬೇಕು, ಕೂರೋಕೆ ಏನು? ಪಾರ್ಕಿಂಗ್ ಸಾಕು. ಬೈಕುಗಳ ಮಧ್ಯೆ ಸೀಮೆಸುಣ್ಣದಲ್ಲಿ ಚೌಕ ಬರೆದು ಕೂರಿಸಿದೆ. ವಾಚ್‌ಮನ್ ಮೊದಲು ಜಗಳಕ್ಕೆ ಬಂದ, ಆಮೇಲೆ ಅವನೇ ಶೇಂಗಾ ಸಿಪ್ಪೆ ಗುಡಿಸಿಕೊಟ್ಟ, ಕಾಯಿಯಲ್ಲಿ ಪಾಲೂ ತಗೊಂಡ.

ನಡುವೆ ಬೇರೆ ಹುಚ್ಚುಗಳೂ ಆದವು. ದೊಡ್ಡ ಪಂದ್ಯಗಳೆಲ್ಲ ಮ್ಯಾಟ್ ಮೇಲೆ ಆಗ್ತಿವೆ, ಮ್ಯಾಟಿಗೆ ಲಕ್ಷಗಟ್ಟಲೆ ಬೇಕು, ನಮಗೆಲ್ಲಿಂದ? ದಪ್ಪ ತಾಡಪಾಲು ತಂದು ಕಲ್ಲು ಹೇರಿ ಹಾಸಿದೆ. ಏಳು ಸಾವಿರ. ಮೊದಲ ದಿನವೇ ಜಾರಿ ಇಬ್ಬರ ಪಾದ ಉಳುಕಿತು. ಆ ತಾಡಪಾಲು ಈಗ ಗೌಂಡಿ ಅಣ್ಣನ ಸಿಮೆಂಟ್ ಚೀಲಗಳ ಮೇಲಿದೆ. ಕಣ್ಣಿಗೆ ಬಟ್ಟೆ ಕಟ್ಟಿ ಕೂರಿಸಿದ್ದು ಮಾತ್ರ ಪರವಾಗಿಲ್ಲ. ಕೈ ತಾಗಿದ್ದಕ್ಕೆ ಏಳ್ತಾರಾ, ಖೋ ಅನ್ನೋ ಕೂಗಿಗೆ ಏಳ್ತಾರಾ ಅಂತ ಗೊತ್ತಾಯಿತು. ಅರ್ಧ ಜನ ಕೂಗಿಗೆ ಕಾಯ್ತಿದ್ದರು. ಹಾಗಂತ ಕೂಗಿಗೆ ಮೊದಲೇ ಎದ್ದರೆ ಫೌಲ್. ಇದನ್ನು ಹೇಗೆ ಸರಿ ಮಾಡಿದೆ ಅನ್ನೋದು ಇಲ್ಲಿ ಬರೆಯಲ್ಲ, ಮುಂದಿನ ವರ್ಷವೂ ಆಡಬೇಕಲ್ಲ. ಒಂಬತ್ತನೆಯವಳನ್ನು, ಅಂದರೆ ಮೊದಲು ಅಟ್ಟುವವಳನ್ನು, ಯಾವ ಕಂಬದ ಹತ್ತಿರ ನಿಲ್ಲಿಸ್ತೀನಿ, ಯಾಕೆ ಅನ್ನೋದನ್ನೂ ಕೇಳಬೇಡಿ.

ಇನ್ನೊಂದು ಹುಚ್ಚು ಕನ್ನಡದ್ದು. ನಮ್ಮ ಓಟಗಾರ್ತಿಯರು ಒಬ್ಬರಿಗೊಬ್ಬರು ಕನ್ನಡದಲ್ಲೇ ಎಚ್ಚರಿಕೆ ಕೊಡಲಿ ಅಂದೆ. ಮರಾಠಿ ಹುಡುಗಿಯರಿಗೂ ಎಡಕ್ಕೆ, ಬಲಕ್ಕೆ, ಹಿಂದೆ, ತಿರುಗು ಕಲಿಸಿದೆವು. ಪುಣೆಯಲ್ಲಿ ಚೆನ್ನಾಗಿ ನಡೀತು. ಡಿಸೆಂಬರಿನಲ್ಲಿ ಸೊಲ್ಲಾಪುರ ಕಡೆ ಒಂದು ಪಂದ್ಯಾವಳಿಗೆ ಹೋದೆವು. ನಾನು ಗೆರೆ ಹೊರಗಿಂದ "ಎಡಕ್ಕೆ!" ಅಂದೆ. ಎದುರು ತಂಡದ ಅಕ್ಕಲಕೋಟೆ ಹುಡುಗಿ ಚೌಕದಲ್ಲಿ ಕೂತಲ್ಲಿಂದಲೇ, "ಎಡಕ್ಕ ಬಂದ್ರ ನಾ ಅದೀನ್ರಿ ಸರ" ಅಂದಳು. ಅಂಪೈರ್ ಕೂಡ ನಕ್ಕರು. ಅಲ್ಲಿ ಅರ್ಧ ಊರೇ ಕನ್ನಡ ಮಾತಾಡುತ್ತೆ ಅನ್ನೋದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನೆನಪಾಗಲಿಲ್ಲ, ಅಷ್ಟೇ. ಆ ಪಂದ್ಯ ಸೋತೆವು.

ದುಡ್ಡಿನ ವಿಷಯ. ಕಾಲೇಜು ಕೊಟ್ಟಿದ್ದು 22 ಸಾವಿರ, ಅದೂ ಎರಡು ಕಂತಲ್ಲಿ. ಟ್ಯಾಂಕರ್ ನೀರು, ಸುಣ್ಣ, ಕೆಂಪು ಮಣ್ಣು ಎಲ್ಲ ಸೇರಿ ಹತ್ತಿರ ಹತ್ತಿರ 9 ಸಾವಿರ. ಜೆರ್ಸಿ ಹನ್ನೆರಡಕ್ಕೆ 5 ಸಾವಿರ ಚಿಲ್ಲರೆ. ಬಸ್ಸು, ರಿಕ್ಷಾ 6 ಸಾವಿರ. ತಾಡಪಾಲಿನ ದಂಡ 7 ಸಾವಿರ, ಅದು ನನ್ನ ಜೇಬಿಂದ, ಮನೆಯಲ್ಲಿ ಇನ್ನೂ ಹೇಳಿಲ್ಲ. ಶೇಂಗಾಕ್ಕೆ ಇಡೀ ವರ್ಷಕ್ಕೆ ಎರಡು ಸಾವಿರದ ಒಳಗೆ. ಸಪ್ಲೈಯರ್ ಮಗಳಿದ್ದಳಲ್ಲ, ಅವಳಪ್ಪನ ಹೋಟೆಲಿನ ಯಜಮಾನರು ಪಂದ್ಯದ ದಿನಗಳಲ್ಲಿ ಇಡ್ಲಿ ಕಳಿಸಿದರು, ಒಂದು ಪೈಸೆ ಮುಟ್ಟಲಿಲ್ಲ. ಒಟ್ಟು 30 ಸಾವಿರದ ಆಸುಪಾಸು. ಹಿಂದಿನ ವರ್ಷಕ್ಕಿಂತ ಎಷ್ಟು ಕಡಿಮೆ ಅಂತ ನೀವೇ ನೋಡಿ.

ವಿಭಾಗದ ಪಂದ್ಯಗಳು ಮಳೆ ನಿಂತ ಮೇಲೆ, ಸೊಲ್ಲಾಪುರಕ್ಕೆ ಹೋಗುವ ಮೊದಲೇ, ಆದವು. ಮೊದಲ ಮೂರು ಸಲೀಸಾಗಿ ಹೋದವು. ಫೈನಲಿನಲ್ಲಿ ಅದೇ ದೊಡ್ಡ ಕಾಲೇಜು. ಅವರು ಎರಡು ಸರದಿಯಲ್ಲಿ ಔಟ್ ಮಾಡಿದ್ದು 6 ಮತ್ತು 5, ಒಟ್ಟು 11. ನಮ್ಮದು ಮೊದಲ ಸರದಿಯಲ್ಲಿ 6, ಕೊನೆಯ ಅಟ್ಟುವಿಕೆ ನಮ್ಮದೇ. ಗೆಲ್ಲಲು ಇನ್ನು 6 ಬೇಕು. ಎಂಟು ನಿಮಿಷಕ್ಕೆ ಐದು ಬಂತು, ಸಮ. ಆಮೇಲೆ ಅವರ ಒಬ್ಬಳು, ಒಳ್ಳೆಯ ಆಟಗಾರ್ತಿ, ರಿಂಗ್ ಹಾಕಿ ಸತಾಯಿಸಿಬಿಟ್ಟಳು. ಮೂರನೇ ಚೌಕದಲ್ಲಿ ಯಾದಗಿರಿ ಹುಡುಗಿ ಕೂತಿದ್ದಳು. ಓಡುವವಳು ಅವಳ ಮುಂದೆಯೇ ದಾಟಿದಳು, ಒಂದು ಹೆಜ್ಜೆ ಅಂತರದಲ್ಲಿ. ಸಾಮಾನ್ಯವಾಗಿ ಅಲ್ಲಿ ಅಪಾಯ ಇರಲ್ಲ, ಕೂತವಳು ಎದ್ದು ಕೈ ಚಾಚುವಷ್ಟರಲ್ಲಿ ದಾಟಿರ್ತಾರೆ. ಖೋ ಬಿತ್ತು. ಇವಳು ಎದ್ದದ್ದನ್ನು ನಾನೂ ನೋಡಲಿಲ್ಲ. ಕೈ ಅವಳ ಸೊಂಟದ ಮೇಲಿತ್ತು, ಅಷ್ಟೇ ಕಂಡದ್ದು. ಇನ್ನೂ 40 ಸೆಕೆಂಡ್ ಬಾಕಿ. ರಾತ್ರಿ ವಿಡಿಯೊ ಎಣಿಸಿದೆ, 84 ಫ್ರೇಮ್.

ನಮ್ಮ ನಾಲ್ವರು ವಿಭಾಗದ ತಂಡಕ್ಕೆ ಆಯ್ಕೆಯಾದರು, ಮೂವರು ವಿದ್ಯಾಪೀಠದ ಶಿಬಿರಕ್ಕೆ. ಅದರಲ್ಲಿ ಒಬ್ಬಳ ಅರ್ಹತಾ ಫಾರ್ಮಿನಲ್ಲಿ ಒಂದು ಸಹಿ ಇಲ್ಲದೆ ಅವಳು ಮನೆಗೆ ಬಂದಳು. ಯಾರ ತಪ್ಪು ಅಂತ ಬರೆದರೆ ನಾಳೆ ಅದೇ ಟೇಬಲ್ ಮುಂದೆ ನಾನು ನಿಲ್ಲಬೇಕು, ಬಿಡಿ. ಉಳಿದ ಇಬ್ಬರು ವಿದ್ಯಾಪೀಠದ ತಂಡದಲ್ಲಿ ಪಶ್ಚಿಮ ವಲಯದ ಪಂದ್ಯಗಳಿಗೆ ಹೋದರು. ಬೆಳಗಾವಿಯವಳು ಜಾಸ್ತಿ ಬೆಂಚ್ ಮೇಲೇ ಇದ್ದಳು. ಯಾದಗಿರಿಯವಳು ಎರಡು ಪಂದ್ಯ ಆಡಿದಳು, ಅಟ್ಟುವುದಕ್ಕೆ ಮಾತ್ರ. ಓಡುವುದರಲ್ಲಿ ನಮ್ಮವರು ಇನ್ನೂ ಸಾಧಾರಣ, ಅದನ್ನು ಮುಚ್ಚಿಡೋದಿಲ್ಲ.

2025ರ ಜನವರಿ 19ರಂದು ದೆಹಲಿಯಲ್ಲಿ ಮಹಿಳೆಯರ ಖೊಖೊ ವಿಶ್ವಕಪ್ ಫೈನಲ್. ಹೋಟೆಲಿನ ಟಿವಿ ಮುಂದೆ ಹನ್ನೆರಡೂ ಜನ ಕೂತೆವು. ನಾಯಕಿ ಪ್ರಿಯಾಂಕಾ ಇಂಗಳೆ ನಮ್ಮ ಪುಣೆಯವರು ಅಂತ ಮರಾಠಿ ಹುಡುಗಿಯರ ಕೂಗಾಟ. ತಂಡದ ಚೈತ್ರಾ ನಮ್ಮವರು, ಟಿ. ನರಸೀಪುರದ ಕುರುಬೂರಿನವರು ಅಂತ ನಾನು. "ಅದು ಎಲ್ಲೈತ್ರಿ ಸರ?" ಅಂದಳು ಯಾದಗಿರಿಯವಳು. ಮೈಸೂರು ಕಡೆ ಅಂದೆ. "ಹಂಗಾರ ದೂರ ಐತಿ" ಅಂದಳು. ನೇಪಾಳದ ಮೇಲೆ ಭಾರತ ಗೆದ್ದಿತು, 78-40. ಮ್ಯಾಟ್, ಏಳು ಜನರ ಆಟ, ಔಟಾಗದೆ ಹೆಚ್ಚು ಹೊತ್ತು ಉಳಿದರೆ ಅಂಕ ಕೊಡೋ ಡ್ರೀಮ್ ರನ್, ನಿಯಮವೇ ಬೇರೆ. ನಮ್ಮವರು ಅದನ್ನೆಲ್ಲ ನೋಡಲಿಲ್ಲ. ಸಾಲಿನಲ್ಲಿ ಕೂತವರ ಹಿಮ್ಮಡಿ ನೋಡ್ತಾ ಇದ್ದರು.

ಈ ಜೂನ್‌ನಲ್ಲಿ ಆ ದೊಡ್ಡ ಕಾಲೇಜಿನ ಮೈದಾನದ ಪಕ್ಕ ಗಾಡಿಯಲ್ಲಿ ಹೋಗ್ತಿದ್ದೆ. ಎಂಟು ಹುಡುಗಿಯರು ಸಾಲಾಗಿ ಕೂತಿದ್ದರು, ಓಡ್ತಾ ಇರಲಿಲ್ಲ. ನಿಧಾನ ಮಾಡಿ ನೋಡಿದೆ. ಹಿಮ್ಮಡಿ ಕೆಳಗೆ ನೀರಿನ ಬಾಟಲಿಯ ಪ್ಲಾಸ್ಟಿಕ್ ಮುಚ್ಚಳ ಇಟ್ಟಿದ್ದರು. ಮುಚ್ಚಳ ಒಡೆಯಲ್ಲ, ಸದ್ದೂ ಬರಲ್ಲ. ಅವರ ಕೋಚ್ ಕೈ ಎತ್ತಿದರು, ನಾನೂ ಎತ್ತಿದೆ. ಗಾಡಿ ಮಾತ್ರ ನಿಲ್ಲಿಸಲಿಲ್ಲ.