ಚೀಟಿಯಲ್ಲಿ ಸಾಮಾನಿನ ಹೆಸರಲ್ಲ, ಅಡುಗೆಯ ಹೆಸರು

ಸೋಯಾ ಸಾಸ್ ಒಂದು ಬಾಟಲಿ ತಂದರೆ ಆಯಿತು ಅಂದುಕೊಂಡು ಮೊದಲ ಸಲ ಚೀನೀ ದಿನಸಿ ಅಂಗಡಿಗೆ ಹೋಗಿದ್ದೆ. ಒಳಗೆ ಹೋದರೆ ಒಂದು ಸಾಲಿನ ತುಂಬ, ಮೊಣಕಾಲಿನ ಮಟ್ಟದಿಂದ ತಲೆಗಿಂತ ಎತ್ತರದವರೆಗೆ ಅದೊಂದೇ. ಕಪ್ಪಗಿದ್ದಷ್ಟೂ ಸತ್ವ ಜಾಸ್ತಿ ಅಂತ ನನ್ನ ಲೆಕ್ಕ. ಇದ್ದುದರಲ್ಲೇ ಗಟ್ಟಿಯಾದದ್ದನ್ನು, ಬಾಟಲಿ ಓರೆ ಮಾಡಿದರೆ ಗಾಜಿಗೆ ಮೆತ್ತಿಕೊಳ್ಳುವಂಥದ್ದನ್ನು ಆರಿಸಿ ತಂದೆ. ಅವತ್ತು ಹುರಿದ ಸೊಪ್ಪು ಇದ್ದಿಲಿನಂತೆ ಕಪ್ಪಾಯಿತು. ಉಪ್ಪು ಸಾಲದು ಅನ್ನಿಸಿ ಇನ್ನೊಂದು ಚಮಚ ಹಾಕಿದೆ. ಬಣ್ಣ ಏರಿತೇ ಹೊರತು ಉಪ್ಪು ಏರಲಿಲ್ಲ, ಬಾಯಲ್ಲಿ ಕಾಕಂಬಿಯ ಸಿಹಿ ಉಳಿಯಿತು.

ಮರುವಾರ ಅದೇ ಸಾಲಿನ ಮುಂದೆ ನಿಂತು ಒಂದೊಂದೇ ಬಾಟಲಿ ಎತ್ತಿ ನೋಡುತ್ತಿದ್ದೆ. ಅಂಗಡಿಯವರ ತಾಯಿ ಗಲ್ಲಾದ ಪಕ್ಕದಲ್ಲಿ ಕೂತಿರುತ್ತಿದ್ದರು. ಎದ್ದು ಬಂದು, “ಏನು ಅಡುಗೆ ಮಾಡ್ತೀಯ?” ಅಂತಷ್ಟೇ ಕೇಳಿದರು. ಸೊಪ್ಪು ಹುರಿಯುತ್ತೇನೆ ಅಂದೆ. ನನ್ನ ಕೈಯಲ್ಲಿದ್ದ ಬಾಟಲಿ ಇಸಿದುಕೊಂಡು ಮೇಲಿಟ್ಟು, ಪಕ್ಕದ ತೆಳುವಾದದ್ದನ್ನು ಕೊಟ್ಟರು. ಚೀನೀ ಅಡುಗೆಯಲ್ಲಿ ಉಪ್ಪಿಗೆ, ರುಚಿಗೆ ಹಾಕುವುದು ತೆಳು ಸೋಯಾ ಸಾಸ್, ಅವರು ಅದನ್ನು ‘ಶೆಂಗ್‌ಚೌ’ ಅನ್ನುತ್ತಾರೆ. ಕಪ್ಪಗಿನದು ‘ಲಾವ್‌ಚೌ’. ಅದು ಬಣ್ಣಕ್ಕೆ, ನಿಧಾನವಾಗಿ ಬೇಯುವ ಅಡುಗೆಗೆ ಒಂದು ಚಮಚ ಹಾಕಿದರೆ ಹೆಚ್ಚು. ಲೇಬಲ್ಲಿನಲ್ಲಿ ‘ಲೈಟ್’ ಅಂತ ಬರೆದದ್ದನ್ನು ಕಂಡು ಉಪ್ಪು ಕಡಿಮೆ ಅಂದುಕೊಳ್ಳುವವರಿದ್ದಾರೆ. ಅದು ಬಣ್ಣದ ಮಾತು. ಉಪ್ಪು ಅದರಲ್ಲೂ ಸಾಕಷ್ಟಿದೆ.

ಅವರ ಆ ಒಂದು ಪ್ರಶ್ನೆ ನಾನು ಸಾಮಾನು ತರುವ ಕ್ರಮವನ್ನೇ ಬದಲಾಯಿಸಿತು. ಅಂದಿನಿಂದ ಚೀಟಿಯಲ್ಲಿ ಸಾಮಾನಿನ ಹೆಸರು ಬರೆಯುವುದು ಬಿಟ್ಟು ಅಡುಗೆಯ ಹೆಸರು ಬರೆಯುತ್ತೇನೆ. ‘ಸೋಯಾ ಸಾಸ್ ಎಲ್ಲಿದೆ’ ಅಂತ ಕೇಳಿದರೆ ಸಾಲು ತೋರಿಸುತ್ತಾರೆ. ‘ಇಂಥ ಅಡುಗೆ ಮಾಡಬೇಕು, ನೀವು ಮನೆಯಲ್ಲಿ ಯಾವುದು ಹಾಕುತ್ತೀರಿ’ ಅಂದರೆ ಬಾಟಲಿಯನ್ನೇ ಕೈಗೆ ಕೊಡುತ್ತಾರೆ. ನಮಗೆ ಅಪರೂಪ ಅನ್ನಿಸುವ ಸಾಮಾನು ಅಲ್ಲಿ ಬರುವವರಿಗೆ ದಿನನಿತ್ಯದ್ದು. ಅಂಗಡಿಯವರಿಗೆ ಬಿಡುವಿಲ್ಲದಿದ್ದರೆ ನಾನು ಪಕ್ಕದಲ್ಲಿ ನಿಂತವರ ಬುಟ್ಟಿ ನೋಡುತ್ತೇನೆ. ಒಂದು ತಾಸಿನಲ್ಲಿ ಮೂರು ಜನ ಹಿರಿಯರು ಒಂದೇ ಡಬ್ಬ ಎತ್ತಿಕೊಂಡರೆ ನಾನೂ ಅದನ್ನೇ ಎತ್ತಿಕೊಳ್ಳುತ್ತೇನೆ.

ಇನ್ನೊಂದು ನಿಯಮ ಮಾಡಿಕೊಂಡೆ: ಒಂದು ಸಲಕ್ಕೆ ಒಂದೇ ಅಡುಗೆ. ಶುರುವಿನಲ್ಲಿ ಕಂಡದ್ದೆಲ್ಲ ತಂದು ಕಪಾಟು ತುಂಬಿಸಿದ್ದೆ, ಅರ್ಧಕ್ಕರ್ಧ ಹಾಳಾಯಿತು. ಆಮೇಲೆ ಚೀಟಿಯಲ್ಲಿ ‘ಮಾಪೊ ತೋಫು’ ಅಂತ ಮಾತ್ರ ಬರೆದುಕೊಂಡು ಹೋದೆ. ಚೀನಾದ ಸಿಚುವಾನ್ ಪ್ರಾಂತ್ಯದ ಅಡುಗೆ ಅದು. ಸಾಂಪ್ರದಾಯಿಕವಾಗಿ ಮಾಂಸದ ಕೈಮಾ ಹಾಕುತ್ತಾರೆ, ನಾನು ಅದರ ಬದಲು ಅಣಬೆ ಕೊಚ್ಚಿ ಹಾಕುತ್ತೇನೆ. ತೋಫು ಎಲ್ಲಿಯಾದರೂ ಸಿಗುತ್ತದೆ. ಈ ಅಂಗಡಿಯಿಂದಲೇ ಆಗಬೇಕಾದ್ದು ಎರಡು: ದೋಬಾನ್‌ಜಿಯಾಂಗ್ ಮತ್ತು ಸಿಚುವಾನ್ ಮೆಣಸು.

ದೋಬಾನ್‌ಜಿಯಾಂಗ್ ಅಂದರೆ ಬ್ರಾಡ್ ಬೀನ್ಸ್ ಕಾಳು ಮತ್ತು ಕೆಂಪು ಮೆಣಸಿನಕಾಯಿಯನ್ನು ಉಪ್ಪಿನಲ್ಲಿ ಹುದುಗಿಸಿದ್ದು. ಪಿಕ್ಸಿಯನ್ ಅನ್ನುವ ಊರಿನದು ಹೆಸರುವಾಸಿ, ಪೊಟ್ಟಣದ ಮೇಲೆ ಆ ಹೆಸರು ಹುಡುಕಿ. ಒಳ್ಳೆಯದರಲ್ಲಿ ಇರುವುದು ಮೆಣಸಿನಕಾಯಿ, ಕಾಳು, ಉಪ್ಪು, ಗೋಧಿ ಹಿಟ್ಟು, ಅಷ್ಟೇ. ಬಣ್ಣ ಇಟ್ಟಿಗೆಗಿಂತ ಗಾಢ, ಅಲ್ಲಲ್ಲಿ ಕಾಳಿನ ಹೋಳು ಕಾಣುತ್ತದೆ. ಬಿಸಿ ಎಣ್ಣೆಗೆ ಹಾಕಿ ಸಣ್ಣ ಉರಿಯಲ್ಲಿ ಎರಡು ನಿಮಿಷ ಹುರಿದರೆ ಎಣ್ಣೆಯೆಲ್ಲ ಕೆಂಪಾಗುತ್ತದೆ. ಇದರಲ್ಲಿ ಉಪ್ಪು ವಿಪರೀತ ಇರುವುದರಿಂದ ಅಡುಗೆಗೆ ಬೇರೆ ಉಪ್ಪು ಕೊನೆಗೆ ರುಚಿ ನೋಡಿಯೇ ಹಾಕಬೇಕು.

ಸಿಚುವಾನ್ ಮೆಣಸು ಹೆಸರಿಗೆ ಮಾತ್ರ ಮೆಣಸು. ಕಾಳುಮೆಣಸಿಗೂ ಅದಕ್ಕೂ ನಂಟಿಲ್ಲ, ಅದು ನಿಂಬೆ-ಕಿತ್ತಳೆಯ ಕುಟುಂಬದ ಗಿಡದ್ದು. ಆ ನಂಟಿನಿಂದಾಗಿಯೇ ಅಮೆರಿಕ 1968ರಿಂದ 2005ರವರೆಗೆ ಅದರ ಆಮದನ್ನು ನಿಷೇಧಿಸಿತ್ತು. ಕಿತ್ತಳೆ ತೋಟಗಳಿಗೆ ತಗಲುವ ಕ್ಯಾಂಕರ್ ರೋಗ ಅದರ ಜೊತೆ ಬಂದೀತು ಅನ್ನುವ ಭಯ. ಕೊಳ್ಳುವಾಗ ಪೊಟ್ಟಣವನ್ನು ಬೆಳಕಿಗೆ ಹಿಡಿದು ನೋಡುತ್ತೇನೆ. ನಮಗೆ ಬೇಕಾದ್ದು ಬಾಯಿಬಿಟ್ಟ ಸಿಪ್ಪೆ. ಒಳಗಿನ ಹೊಳೆಯುವ ಕಪ್ಪು ಬೀಜ ಎಷ್ಟು ಅರೆದರೂ ಮರಳಿನ ಹಾಗೆ ಹಲ್ಲಿಗೆ ಸಿಗುತ್ತದೆ, ಹಾಗಾಗಿ ಬೀಜ, ಮುಳ್ಳು, ಕಡ್ಡಿ ಕಡಿಮೆ ಇರುವ ಪೊಟ್ಟಣ ಆರಿಸಬೇಕು. ಮನೆಗೆ ಬಂದು ಒಂದು ಸಿಪ್ಪೆ ಬಾಯಿಗೆ ಹಾಕಿ ಮುಂಬಲ್ಲಲ್ಲಿ ಕಚ್ಚಿ ನೋಡಿ. ಮೊದಲು ನಿಂಬೆ ಸಿಪ್ಪೆಯ ಘಮ, ಆಮೇಲೆ ತುಟಿ, ನಾಲಿಗೆಯ ತುದಿ ಜುಮುಜುಮು ಅನ್ನಬೇಕು. ಸ್ಯಾನ್‌ಶೂಲ್ ಅನ್ನುವ ಅಂಶದ ಕೆಲಸ ಅದು. ಜುಮ್ಮೆನ್ನದೆ ಬರೀ ಕಹಿ ಬಂದರೆ ಸರಕು ಹಳೆಯದು. ಸ್ವಲ್ಪ ಬೆಚ್ಚಗೆ ಮಾಡಿ, ಕುಟ್ಟಿ, ಅಡುಗೆ ಇಳಿಸುವಾಗ ಮೇಲೆ ಉದುರಿಸಿ. ಪುಡಿ ಮಾಡಿದ್ದನ್ನು ಮಾತ್ರ ಕೊಳ್ಳಲೇಬೇಡಿ.

ಬಾಟಲಿಯ ಮುಂಭಾಗವನ್ನು ನಾನೀಗ ನೋಡುವುದೇ ಇಲ್ಲ, ಹಿಂದೆ ತಿರುಗಿಸುತ್ತೇನೆ. ಸಾಮಾನುಗಳ ಪಟ್ಟಿಯಲ್ಲಿ ತೂಕದಲ್ಲಿ ಹೆಚ್ಚಿರುವುದು ಮೊದಲು ಬರುತ್ತದೆ, ಹೆಚ್ಚಿನ ದೇಶಗಳಲ್ಲಿ ಅದೇ ನಿಯಮ. ಸೋಯಾ ಸಾಸಿನಲ್ಲಿ ನೀರು, ಸೋಯಾ, ಗೋಧಿ, ಉಪ್ಪು ಇದ್ದರೆ ಅದು ತಿಂಗಳುಗಟ್ಟಲೆ ಹುದುಗಿದ್ದು. ‘ಹೈಡ್ರೊಲೈಸ್ಡ್ ವೆಜಿಟಬಲ್ ಪ್ರೋಟೀನ್’ ಅಂತ ಕಂಡರೆ ಆಮ್ಲ ಹಾಕಿ ಕೆಲವೇ ದಿನಗಳಲ್ಲಿ ತೆಗೆದದ್ದು ಅದರಲ್ಲಿ ಬೆರೆತಿದೆ, ಅದನ್ನು ಅಲ್ಲೇ ಬಿಡುತ್ತೇನೆ. ಅರಬ್ ಅಂಗಡಿಯ ದಾಳಿಂಬೆ ಪಾಕದಲ್ಲಿ ದಾಳಿಂಬೆ ಬಿಟ್ಟು ಬೇರೇನೂ ಬೇಡ, ಆದರೆ ಅರ್ಧ ಬಾಟಲಿಗಳಲ್ಲಿ ಸಕ್ಕರೆ, ಗ್ಲೂಕೋಸ್, ಸಿಟ್ರಿಕ್ ಆಮ್ಲವೇ ಮುಂದಿರುತ್ತವೆ. ತಹಿನಿಯಲ್ಲಿ ಎಳ್ಳು ಮಾತ್ರ ಇರಬೇಕು. ಮೇಲೆ ಎಣ್ಣೆ ನಿಂತಿದ್ದರೆ ಕೆಟ್ಟಿದೆ ಅಂತಲ್ಲ, ಕಲಸಿಕೊಂಡರಾಯಿತು. ಫಿಶ್ ಸಾಸಿನ ಬಾಟಲಿಯ ಮೇಲೆ 30, 35, 40 ಅಂತ ಅಂಕಿ, ಪಕ್ಕದಲ್ಲಿ ‘ಎನ್’ ಇದ್ದರೆ ಅದು ಒಂದು ಲೀಟರಿನಲ್ಲಿ ಎಷ್ಟು ಗ್ರಾಂ ಸಾರಜನಕ ಇದೆ ಅನ್ನುವ ಲೆಕ್ಕ. ಅಂಕಿ ದೊಡ್ಡದಾದಷ್ಟೂ ಮೀನಿನ ಸತ್ವ ಜಾಸ್ತಿ.

ಸಸ್ಯಾಹಾರಿಗಳು ಇಲ್ಲಿ ಎಚ್ಚರ ತಪ್ಪುವುದು ಸುಲಭ. ತರಕಾರಿ ಉಪ್ಪಿನಕಾಯಿಯಂತೆ ಕಾಣುವ ಕಿಮ್ಚಿಯಲ್ಲಿ ಸಾಮಾನ್ಯವಾಗಿ ಉಪ್ಪಿನಲ್ಲಿಟ್ಟ ಸೀಗಡಿ ಅಥವಾ ಫಿಶ್ ಸಾಸ್ ಇರುತ್ತದೆ. ಥಾಯ್ ಕರಿ ಪೇಸ್ಟಿನಲ್ಲಿ ಹೆಚ್ಚಾಗಿ ಸೀಗಡಿಯ ಪೇಸ್ಟ್. ಜಪಾನಿನ ಮಿಸೊ ಸೋಯಾದ್ದೇ ಆದರೂ ಕೆಲವಕ್ಕೆ ಮೀನಿನ ಸಾರ ಬೆರೆಸಿಯೇ ಮಾರುತ್ತಾರೆ, ‘ದಾಶಿ’ ಅನ್ನುವ ಪದ ಕಂಡರೆ ವಿಚಾರಿಸಿ. ಥಾಯ್ ಸಾಮಾನಿನಲ್ಲಿ ನನಗೆ ತುಂಬ ಉಪಕಾರವಾದದ್ದು ಒಂದು ಪುಟ್ಟ ಗುರುತು: ಹಳದಿ ಹಿನ್ನೆಲೆಯ ಮೇಲೆ ಕೆಂಪಿನಲ್ಲಿ, 17 ಅಂತ ಬರೆದಂತೆ ಕಾಣುವ ಅಕ್ಷರ. ಅದು ಅವರ ‘ಜೇ’. ಮಾಂಸ, ಮೀನು, ಮೊಟ್ಟೆ, ಹಾಲು ಮಾತ್ರವಲ್ಲ, ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ ಅಂತ ಅರ್ಥ. ಈರುಳ್ಳಿ-ಬೆಳ್ಳುಳ್ಳಿ ತಿನ್ನದ ನನ್ನ ಅತ್ತೆಗೆ ಅಡುಗೆ ಮಾಡುವ ದಿನ ಆ ಗುರುತು ಹುಡುಕಿಯೇ ಕೊಳ್ಳುತ್ತೇನೆ.

ತಾರೀಖಿನದೂ ಒಂದು ಪಾಠ. ಒಂದು ಥಾಯ್ ಪೊಟ್ಟಣದ ಮೇಲೆ 2567 ಅಂತ ಕಂಡು ಅಚ್ಚಿನ ತಪ್ಪು ಅಂದುಕೊಂಡು ಮನೆಗೆ ತಂದೆ. ಅದು ಬೌದ್ಧ ಶಕೆ. 543 ಕಳೆದರೆ ನಮ್ಮ ವರ್ಷ ಸಿಗುತ್ತದೆ, ಅಂದರೆ 2024. ನಾನು ಕೊಂಡದ್ದು ಅದಾದ ಮರುವರ್ಷ, ಅವಧಿ ಮುಗಿದಿತ್ತು. ಚೀನಾ, ಜಪಾನ್, ಕೊರಿಯಾದ ಸರಕಿನಲ್ಲಿ ವರ್ಷ ಮೊದಲು, ಆಮೇಲೆ ತಿಂಗಳು, ಕೊನೆಗೆ ದಿನ. ಚೀನಾದ್ದರಲ್ಲಿ ಎಷ್ಟೋ ಸಲ ಅಚ್ಚಾಗಿರುವುದು ತಯಾರಾದ ದಿನ ಮಾತ್ರ, ಎಷ್ಟು ತಿಂಗಳು ಬಾಳುತ್ತದೆ ಅನ್ನುವುದು ಬೇರೆ ಕಡೆ ಇರುತ್ತದೆ. ತಯಾರಾದ ದಿನವನ್ನು ಅವಧಿ ಮುಗಿದ ದಿನ ಅಂದುಕೊಂಡು ಒಳ್ಳೆಯ ಸರಕನ್ನು ಬಿಟ್ಟು ಬಂದದ್ದೂ ಉಂಟು. ಈಗ ಮೊಬೈಲಿನ ಅನುವಾದದ ಕ್ಯಾಮೆರಾ ಹಿಡಿದು ಆ ಎರಡು ಸಾಲು ಓದಿಕೊಳ್ಳುತ್ತೇನೆ.

ಹಿಟ್ಟುಗಳ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಾನು ಅತಿ ಹೆಚ್ಚು ಸಲ ಎಡವಿದ್ದು ಅಲ್ಲೇ. ಮೆಕ್ಸಿಕೋದ ತೋರ್ತಿಯಾ ಅನ್ನುವ ರೊಟ್ಟಿ ಮಾಡಬೇಕು ಅಂತ ಮೆಕ್ಕೆಜೋಳದ ಹಿಟ್ಟು ತಂದು ಬಿಸಿನೀರಿನಲ್ಲಿ ಕಲಸಿದೆ. ಉಂಡೆ ಕಟ್ಟಿ ಒತ್ತಿದರೆ ಅಂಚೆಲ್ಲ ಬಿರುಕು, ಎತ್ತಲು ಹೋದರೆ ಮೂರು ತುಂಡು. ನೀರು ಹೆಚ್ಚಿಸಿದೆ, ಕೈಗೆ ಅಂಟಿತು. ಮೆಕ್ಸಿಕನ್ ಅಂಗಡಿಯಲ್ಲಿ ಕೇಳಿದಾಗ, ಬೇಕಾದ್ದು ‘ಮಾಸಾ ಹರೀನಾ’ ಅಂದರು. ಅದಕ್ಕೆ ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿಟ್ಟು, ತೊಳೆದು, ಅರೆದು ಒಣಗಿಸುತ್ತಾರೆ. ಸುಣ್ಣ ಕಾಳಿನ ಸಿಪ್ಪೆಯನ್ನು ಸಡಿಲಿಸಿ ಹಿಟ್ಟಿಗೆ ಜಿಗುಟು ಕೊಡುತ್ತದೆ. ಅಷ್ಟೇ ಅಲ್ಲ, ಕಾಳಿನಲ್ಲಿ ಬಿಗಿದುಕೊಂಡಿರುವ ನಯಾಸಿನ್ ಜೀವಸತ್ವ ಮೈಗೆ ದಕ್ಕುವಂತೆ ಮಾಡುತ್ತದೆ. ಯುರೋಪಿನವರು ಮೆಕ್ಕೆಜೋಳವನ್ನು ಒಯ್ದರು, ಸುಣ್ಣದ ಕ್ರಮವನ್ನು ಒಯ್ಯಲಿಲ್ಲ. ಮೆಕ್ಕೆಜೋಳವೇ ಮುಖ್ಯ ಊಟವಾದ ಬಡವರಲ್ಲಿ ನಯಾಸಿನ್ ಸಾಲದೆ ಪೆಲಾಗ್ರಾ ರೋಗ ಹರಡಿತು. ಮಾಸಾ ಹರೀನಾ ತಂದು ಕಲಸಿದ ದಿನ ಹಿಟ್ಟು ಬೆರಳಿಗೆ ಅಂಟದೆ ಮಣ್ಣಿನ ಮುದ್ದೆಯ ಹಾಗೆ ನಯವಾಗಿ ನಿಂತಿತು, ಅಂಚು ಬಿರಿಯಲಿಲ್ಲ, ಹಂಚಿನ ಮೇಲೆ ಉಬ್ಬಿತು. ಆ ಘಮ ಒಮ್ಮೆ ಮೂಗಿಗೆ ಹತ್ತಿದರೆ ಬೇರೆ ಹಿಟ್ಟನ್ನು ಅದರ ಜಾಗದಲ್ಲಿ ಇಡಲು ಮನಸ್ಸು ಬರುವುದಿಲ್ಲ. ಇದೇ ಸಾಲಿನಲ್ಲಿ ‘ಕಾರ್ನ್ ಫ್ಲೋರ್’ ಅನ್ನುವುದೂ ಮೋಸ ಮಾಡುತ್ತದೆ. ಕೆಲವು ದೇಶಗಳಲ್ಲಿ ಅದು ಸಾರು ಗಟ್ಟಿ ಮಾಡುವ ಬಿಳಿ ಪಿಷ್ಟ, ಕೆಲವು ಕಡೆ ಹಳದಿ ಹಿಟ್ಟು.

ಥಾಯ್ ಹಿಟ್ಟುಗಳಲ್ಲಿ ಮೂರು ಆನೆ ತಲೆಯ ಗುರುತಿನ ಎರವಾನ್ ಕಂಪನಿಯ ಪೊಟ್ಟಣಗಳು ಎಲ್ಲ ಕಡೆ ಸಿಗುತ್ತವೆ. ಮೂರೂ ಒಂದೇ ಥರ ಕಾಣುತ್ತವೆ, ಬಣ್ಣ ನೋಡಿಕೊಳ್ಳಬೇಕು: ಕೆಂಪು ಅಕ್ಷರದ್ದು ಸಾದಾ ಅಕ್ಕಿ ಹಿಟ್ಟು, ಹಸಿರು ಅಂಟಕ್ಕಿ ಹಿಟ್ಟು, ನೀಲಿ ಮರಗೆಣಸಿನ ಪಿಷ್ಟ. ಅಂಟಕ್ಕಿಗೆ ಇಂಗ್ಲಿಷಿನಲ್ಲಿ ‘ಗ್ಲೂಟಿನಸ್’ ಅಂತ ಹೆಸರಿದ್ದರೂ ಅದರಲ್ಲಿ ಗ್ಲೂಟನ್ ಇಲ್ಲ. ಅಂಟು ಬರುವುದು ಅದರ ಪಿಷ್ಟ ಬಹುಪಾಲು ಅಮೈಲೊಪೆಕ್ಟಿನ್ ಅನ್ನುವ ಬಗೆಯದ್ದಾಗಿರುವುದರಿಂದ.

ಕೊರಿಯನ್ ಮೆಣಸಿನ ತರಿ, ಗೊಚುಗಾರು, ಅದರ ಬದಲು ಮನೆಯ ಖಾರದ ಪುಡಿ ಹಾಕಿ ಎರಡು ಕಿಲೋ ಎಲೆಕೋಸಿನ ಕಿಮ್ಚಿ ಹಾಳು ಮಾಡಿದ್ದೇನೆ. ಗೊಚುಗಾರುವಿನಲ್ಲಿ ಬೀಜ ತೆಗೆದಿರುತ್ತಾರೆ, ಖಾರ ಕಡಿಮೆ, ಸಿಹಿ ಇದೆ; ಬೊಗಸೆಗಟ್ಟಲೆ ಹಾಕಬಹುದು. ಕಿಮ್ಚಿಗೆ ದಪ್ಪ ತರಿ ಕೇಳಿ. ಇಡೀ ಒಣ ಮೆಣಸಿನಕಾಯಿ ಕೊಳ್ಳುವುದಿದ್ದರೆ, ಮೆಕ್ಸಿಕೋದ ಆಂಚೊ ಆಗಲಿ ಗ್ವಾಹೀಯೊ ಆಗಲಿ, ಪೊಟ್ಟಣದ ಮೇಲಿಂದಲೇ ಬಗ್ಗಿಸಿ ನೋಡಿ. ಚರ್ಮದ ಹಾಗೆ ಬಾಗಬೇಕು. ಪಟ್ಟನೆ ಮುರಿದರೆ ಹಳತು.

ಫ್ರೀಜರಿನ ಕಡೆ ಯಾರೂ ಹೋಗುವುದಿಲ್ಲ, ನಾನು ಮೊದಲು ಹೋಗುವುದು ಅಲ್ಲಿಗೇ. ಮಕ್ರೂಟ್ ನಿಂಬೆ ಎಲೆ, ಒಂದರ ತುದಿಗೆ ಇನ್ನೊಂದು ಅಂಟಿದಂತೆ ಜೋಡಿಯಾಗಿರುತ್ತದಲ್ಲ, ಅದು ಒಣಗಿಸಿದರೆ ಹುಲ್ಲು. ಫ್ರೀಜರಿನದು ಕೈಯಲ್ಲಿ ಹರಿದರೂ ಕೋಣೆಯೆಲ್ಲ ಘಮ್ಮೆನ್ನುತ್ತದೆ. ಶುಂಠಿಯಂತೆ ಕಾಣುವ ಗಲಂಗಲ್ ಗಡ್ಡೆ, ಘಮಕ್ಕೆ ಹಾಕುವ ಪಾಂಡನ್ ಎಲೆಯೂ ಹಾಗೇ. ಗಲಂಗಲ್ ಸಿಗದಿದ್ದರೆ ಶುಂಠಿ ಹಾಕಿ ಅನ್ನುವ ಸಲಹೆಯನ್ನು ನಾನು ಒಪ್ಪುವುದಿಲ್ಲ, ಎರಡರ ಘಮವೇ ಬೇರೆ. ಮಿಸೊ, ದೋಬಾನ್‌ಜಿಯಾಂಗ್, ಕೊರಿಯಾದ ಮೆಣಸಿನ ಪೇಸ್ಟ್ ಗೊಚುಜಾಂಗ್ ತೆರೆದ ಮೇಲೆ ಫ್ರಿಜ್ಜಿನಲ್ಲಿ ತಿಂಗಳುಗಟ್ಟಲೆ ಇರುತ್ತವೆ, ಒದ್ದೆ ಚಮಚ ಹಾಕಬಾರದು. ಕೊಂಬು ಅನ್ನುವ ಕಡಲ ಪಾಚಿಯ ಮೇಲಿನ ಬಿಳಿ ಪುಡಿಯನ್ನು ಬೂಷ್ಟು ಅಂದುಕೊಂಡು ತೊಳೆಯಬೇಡಿ. ರುಚಿಯ ಒಂದು ಪಾಲು ಅದರಲ್ಲೇ ಇದೆ. ಜಪಾನಿನ ರಸಾಯನಶಾಸ್ತ್ರಜ್ಞ ಕಿಕುನೆ ಇಕೆಡಾ 1908ರಲ್ಲಿ ಗ್ಲುಟಮೇಟ್ ಬೇರ್ಪಡಿಸಿ, ಅದರ ರುಚಿಗೆ ‘ಉಮಾಮಿ’ ಅಂತ ಹೆಸರಿಟ್ಟದ್ದು ಇದೇ ಪಾಚಿಯಿಂದ. ಲೀಟರ್ ನೀರಿಗೆ ಹತ್ತು ಗ್ರಾಂ ಹಾಕಿ ರಾತ್ರಿಯಿಡೀ ನೆನೆಸಿ, ಕುದಿ ಬರುವ ಮುಂಚೆ ತೆಗೆದರೆ ಸಸ್ಯಾಹಾರಿಗಳಿಗೂ ಒಳ್ಳೆಯ ಸಾರ ಸಿಗುತ್ತದೆ.

ಖಾಲಿಯಾದ ಪೊಟ್ಟಣದ ಎರಡೂ ಬದಿಯ ಫೋಟೋ ತೆಗೆದಿಟ್ಟುಕೊಳ್ಳುತ್ತೇನೆ. ಮುಂದಿನ ಸಲ ಅದನ್ನು ತೋರಿಸಿದರೆ ಭಾಷೆ ಬಾರದಿದ್ದರೂ ಕೆಲಸ ಆಗುತ್ತದೆ. ಈ ವಾರದ ಚೀಟಿಯಲ್ಲಿ ‘ಮುಹಮ್ಮರಾ’ ಅಂತ ಬರೆದಿದ್ದೇನೆ, ಸಿರಿಯಾದ ಅಕ್ರೋಟು-ಕೆಂಪು ದೊಣ್ಣೆಮೆಣಸಿನ ಚಟ್ನಿ. ಅಕ್ರೋಟು ಮನೆಯಲ್ಲಿದೆ, ದಾಳಿಂಬೆ ಪಾಕ ಅರ್ಧ ಬಾಟಲಿ ಉಳಿದಿದೆ. ಅಲೆಪ್ಪೊ ಮೆಣಸಿನಕಾಯಿಯ ತರಿ ಯಾವುದು ಕೊಳ್ಳಬೇಕು ಅಂತ ಶನಿವಾರ ಅಂಗಡಿಯವರನ್ನು ಕೇಳಬೇಕು.